ಕಸಿಗೆ ಮುನ್ನ ಮಂಜಿನ ಬೋಗುಣಿಯಲ್ಲಿ: ದಾನಿಯ ಕಿಡ್ನಿಯನ್ನು ಬೆಂಚಿನ ಮೇಲೆ ಸಿದ್ಧಪಡಿಸುವ ಬಗೆ

ಮೃತ ದಾನಿಯಿಂದ ತೆಗೆದ ಕಿಡ್ನಿ ಐಸ್ ಪೆಟ್ಟಿಗೆಯಲ್ಲಿ ಬಂದು ತಲುಪಿದ ಕೂಡಲೇ ರೋಗಿಯ ಹೊಟ್ಟೆ ಸೇರುವುದಿಲ್ಲ. ರೋಗಿಯನ್ನು ಮಲಗಿಸಿದ ಮೇಜಿನಿಂದ ನಾಲ್ಕು ಹೆಜ್ಜೆ ಆಚೆಗೆ, ಇನ್ನೊಂದು ಸಣ್ಣ ಮೇಜಿನ ಮೇಲೆ, ಮಂಜು ತುಂಬಿದ ಬೋಗುಣಿಯಲ್ಲಿ ಅದನ್ನಿಟ್ಟು ಅರ್ಧ ಗಂಟೆಯಿಂದ ಎರಡು ಗಂಟೆಯವರೆಗೆ ಮಾಡಬೇಕಾದ ಕೆಲಸವೊಂದಿದೆ. ಸುತ್ತಲಿನ ಕೊಬ್ಬನ್ನು ಬಿಡಿಸುವುದು, ರಕ್ತನಾಳಗಳ ತುದಿಗಳನ್ನು ಹೊಲಿಗೆಗೆ ಒಗ್ಗುವಂತೆ ಓರಣಗೊಳಿಸುವುದು, ಸೋರುವಲ್ಲಿ ಕಟ್ಟುವುದು, ಅಂಗವು ಕಸಿಗೆ ಯೋಗ್ಯವೇ ಎಂದು ಕೊನೆಯ ಬಾರಿ ಪರೀಕ್ಷಿಸುವುದು, ಇವೆಲ್ಲ ಸೇರಿದ ಕೆಲಸವನ್ನು ಥಿಯೇಟರಿನ ಮಾತಿನಲ್ಲಿ ‘ಬೆಂಚ್ ಸರ್ಜರಿ’ ಅಥವಾ ‘ಬ್ಯಾಕ್ ಟೇಬಲ್’ ಎನ್ನುತ್ತಾರೆ.

ಹೊರಗಿನಿಂದ ನೋಡುವವರಿಗೆ ಇದು ಆರಾಮದ ಕೆಲಸದಂತೆ ಕಾಣುತ್ತದೆ. ರಕ್ತ ಸುರಿಯುವುದಿಲ್ಲ, ಮಾನಿಟರ್ ಕೂಗುವುದಿಲ್ಲ, ಅರಿವಳಿಕೆ ತಜ್ಞರ ಗಡಿಬಿಡಿಯೂ ಇಲ್ಲ. ಅಪಾಯ ಇರುವುದೇ ಈ ಮೌನದಲ್ಲಿ. ಬದುಕಿರುವ ದೇಹದಲ್ಲಿ ಕತ್ತರಿ ತಪ್ಪಿದರೆ ರಕ್ತ ಚಿಮ್ಮಿ ಆ ತಪ್ಪನ್ನು ಆ ಕ್ಷಣವೇ ತಿಳಿಸುತ್ತದೆ. ಬೆಂಚಿನ ಮೇಲೆ ಕೆಳಧ್ರುವದ, ಅಂದರೆ ಕಿಡ್ನಿಯ ಕೆಳತುದಿಯ, ಸಣ್ಣ ಅಪಧಮನಿಯೊಂದು (ರಕ್ತವನ್ನು ಒಳತರುವ ನಾಳ) ಕೊಬ್ಬಿನ ಜೊತೆಗೆ ಕತ್ತರಿಸಿ ಹೋದರೂ ಏನೂ ಆಗಿಲ್ಲವೆಂಬಂತೆ ಕಿಡ್ನಿ ತಣ್ಣಗೆ ಮಲಗಿರುತ್ತದೆ. ಸುದ್ದಿ ತಿಳಿಯುವುದು ರೋಗಿಯ ರಕ್ತ ಹರಿಸಿದ ಮೇಲೆ, ಆ ಭಾಗ ಮಾತ್ರ ಕಪ್ಪಾಗಿ ಉಳಿದಾಗ. ಮುಂದಿನ ಹಂತಗಳೆಲ್ಲವೂ ಈ ಮೌನವನ್ನು ಗಮನದಲ್ಲಿಟ್ಟುಕೊಂಡೇ ರೂಪುಗೊಂಡಿವೆ.

ಈ ಬರಹ ಕಸಿ ಶಸ್ತ್ರಚಿಕಿತ್ಸೆಯ ತರಬೇತಿಯಲ್ಲಿರುವವರಿಗೆ, ಬ್ಯಾಕ್ ಟೇಬಲ್ ಸಜ್ಜುಗೊಳಿಸುವ ಥಿಯೇಟರ್ ನರ್ಸ್‌ಗಳಿಗೆ, ಹಾಗೂ ಈ ವಿಷಯವನ್ನು ಆಳವಾಗಿ ತಿಳಿಯಬಯಸುವ ಓದುಗರಿಗೆ. ಹಿರಿಯ ಸರ್ಜನ್ನರ ಪಕ್ಕದಲ್ಲಿ ನಿಂತು ಕಲಿಯುವುದಕ್ಕೆ ಇದು ಬದಲಿಯಲ್ಲವೆಂಬುದನ್ನು ಬೇರೆ ಹೇಳಬೇಕಾಗಿಲ್ಲ.

ಪೆಟ್ಟಿಗೆ ಬರುವ ಮೊದಲು: ಮೇಜಿನ ಸಿದ್ಧತೆ

ಕಿಡ್ನಿಯ ಜೀವಕೋಶಗಳು ರಕ್ತವಿಲ್ಲದೆ ಗಂಟೆಗಟ್ಟಲೆ ಉಳಿಯುವುದು ಚಳಿಯಿಂದ. ಸುಮಾರು 4 ಡಿಗ್ರಿ ಸೆಲ್ಸಿಯಸ್‌ನಲ್ಲಿ ಅವುಗಳ ಚಯಾಪಚಯ ದೇಹದ ಉಷ್ಣತೆಯಲ್ಲಿ ಇರುವುದರ ಸುಮಾರು ಹತ್ತನೆಯ ಒಂದು ಭಾಗಕ್ಕೆ ಇಳಿಯುತ್ತದೆ. ಇಳಿಯುತ್ತದೆಯೇ ಹೊರತು ನಿಲ್ಲುವುದಿಲ್ಲ ಎಂಬುದನ್ನು ಮರೆಯಬಾರದು. ಆದ್ದರಿಂದ ಬೆಂಚಿನ ಮೊದಲ ಅಗತ್ಯ ಚೂರಿ, ಕತ್ತರಿಯಲ್ಲ, ಮಂಜು.

ಸ್ಟರೈಲ್ ಸಲೈನನ್ನು ಹೆಪ್ಪುಗಟ್ಟಿಸಿ, ದಪ್ಪ ಬಟ್ಟೆಯಲ್ಲಿ ಸುತ್ತಿ, ಸುತ್ತಿಗೆಯಿಂದ ಕುಟ್ಟಿ ಪುಡಿ ಮಾಡುವ ಪದ್ಧತಿ ನಮ್ಮ ಅನೇಕ ಥಿಯೇಟರುಗಳಲ್ಲಿದೆ. ಇಲ್ಲಿ ಎರಡು ಎಚ್ಚರಿಕೆಗಳಿವೆ. ಫ್ರೀಜರಿನಲ್ಲಿಟ್ಟ ಬಾಟಲಿಯ ಒಳಗಿನ ದ್ರವ ಶುದ್ಧವಾಗಿದ್ದರೂ ಅದರ ಹೊರಮೈ ಶುದ್ಧವಲ್ಲ. ಆದ್ದರಿಂದ ಅದನ್ನು ತೆರೆದು ಮೇಜಿಗೆ ದಾಟಿಸುವ ಕ್ರಮವನ್ನು ಮೊದಲೇ ಗೊತ್ತುಮಾಡಿಕೊಳ್ಳಬೇಕು. ಇನ್ನೊಂದು, ಚೂಪಾದ ಮಂಜಿನ ಹರಳು ಕಿಡ್ನಿಯ ತೆಳುಪೊರೆಯನ್ನೂ ಕೈಗವಸನ್ನೂ ಗೀರಬಲ್ಲದು, ಅಲ್ಲದೆ ಗಟ್ಟಿ ಮಂಜುಗಡ್ಡೆ ನೇರವಾಗಿ ತಾಗಿದಲ್ಲಿ ಅಂಗಾಂಶವೇ ಹೆಪ್ಪುಗಟ್ಟಿ ಹಾಳಾಗುತ್ತದೆ. ಆದ್ದರಿಂದ ದೊಡ್ಡ ಬೋಗುಣಿಯಲ್ಲಿ ಅರೆಗರಗಿದ ಮಂಜನ್ನು ತುಂಬಿ, ಅದರ ಮೇಲೆ ಸ್ಟರೈಲ್ ಬಟ್ಟೆ ಹಾಸಿ, ನಡುವೆ ತಣ್ಣನೆಯ ಸಂರಕ್ಷಕ ದ್ರಾವಣವಿರುವ ಚಿಕ್ಕ ಪಾತ್ರೆಯನ್ನು ಕೂರಿಸಬೇಕು. ಕಿಡ್ನಿ ಇರಬೇಕಾದದ್ದು ದ್ರಾವಣದಲ್ಲಿ; ಮಂಜು ಅದನ್ನು ಸುತ್ತುವರಿದಿರಬೇಕು.

ದ್ರಾವಣಗಳ ಬಗ್ಗೆ ಎರಡು ಮಾತು. 1969ರಲ್ಲಿ ಕಾಲಿನ್ಸ್ ದ್ರಾವಣ ಬಂದ ಮೇಲೆ ಕಿಡ್ನಿಯನ್ನು ಬರೀ ಮಂಜಿನಲ್ಲಿ ಸಾಗಿಸುವುದು ಸಾಧ್ಯವಾಯಿತು. 1980ರ ದಶಕದಲ್ಲಿ ಬೆಲ್ಜರ್ ಮತ್ತು ಸೌತರ್ಡ್ ರೂಪಿಸಿದ ವಿಸ್ಕಾನ್ಸಿನ್ ವಿಶ್ವವಿದ್ಯಾಲಯದ ದ್ರಾವಣ, ಅಂದರೆ ಯುಡಬ್ಲ್ಯು, ಜೀವಕೋಶದ ಒಳಗಿನ ಲವಣಾಂಶವನ್ನು ಹೋಲುತ್ತದೆ; ಪೊಟ್ಯಾಸಿಯಂ ಹೆಚ್ಚು, ಸ್ಟಾರ್ಚ್ ಇರುವುದರಿಂದ ಮಂದ. ಎಚ್‌ಟಿಕೆ ಎಂಬ ಇನ್ನೊಂದು ದ್ರಾವಣ ನೀರಿನಷ್ಟೇ ತೆಳು, ಪೊಟ್ಯಾಸಿಯಂ ಕಡಿಮೆ. ಆದರೆ ಪ್ರಮಾಣ ಹೆಚ್ಚು ಬೇಕು. ಬೆಂಚಿನಲ್ಲಿ ನಿಂತವರು ತಿಳಿಯಬೇಕಾದ ಮುಖ್ಯ ಸಂಗತಿಯೆಂದರೆ, ಅಂಗವನ್ನು ತೊಳೆದು ತಂದದ್ದು ಯಾವ ದ್ರಾವಣದಲ್ಲಿ ಎಂಬುದು. ಅದೇ ದ್ರಾವಣವನ್ನು ಬೆಂಚಿನಲ್ಲೂ ಮುಂದುವರಿಸುವುದು ಸರಳ ದಾರಿ.

ಉಪಕರಣಗಳು ಕಡಿಮೆ ಸಾಕು: ಸೂಕ್ಷ್ಮ ತುದಿಯ ಕತ್ತರಿಗಳು, ಹಲ್ಲಿಲ್ಲದ ಡಿಬೇಕಿ ಫೋರ್ಸೆಪ್ಸ್, ಮೊಸ್ಕಿಟೋ ಕ್ಲ್ಯಾಂಪುಗಳು, ನಾಳವನ್ನು ತಾತ್ಕಾಲಿಕವಾಗಿ ಮುಚ್ಚುವ ಮೃದುವಾದ ಬುಲ್‌ಡಾಗ್‌ಗಳು, 3-0 ಮತ್ತು 4-0 ರೇಷ್ಮೆ ದಾರ, 5-0ಯಿಂದ 7-0ವರೆಗಿನ ಪಾಲಿಪ್ರೊಪಿಲೀನ್ ಹೊಲಿಗೆಗಳು, ಮೊಂಡು ತುದಿಯ ಕ್ಯಾನುಲಾ (ದ್ರವ ಹರಿಸುವ ಸಣ್ಣ ಕೊಳವೆ), ಡ್ರಿಪ್ ಸೆಟ್. ಕಣ್ಣಿಗೆ ಲೂಪ್, ಅಂದರೆ ವರ್ಧಕ ಕನ್ನಡಕ, ಬೇಕೇಬೇಕು. ದೃಷ್ಟಿ ಚೆನ್ನಾಗಿದೆ ಎಂಬ ಹೆಮ್ಮೆಗೆ ಇಲ್ಲಿ ಬೆಲೆಯಿಲ್ಲ. ಒಂದು ಮಿಲಿಮೀಟರಿನ ಅಪಧಮನಿಗೂ ನಾರಿನ ಎಳೆಗೂ ವ್ಯತ್ಯಾಸ ತಿಳಿಯಬೇಕಾದ ಜಾಗವಿದು.

ಪೆಟ್ಟಿಗೆ ಬಿಚ್ಚುವುದು, ಗುರುತು ಹಿಡಿಯುವುದು

ಭಾರತದಲ್ಲಿ ಅಂಗಕಸಿಯೆಲ್ಲ 1994ರ ಮಾನವ ಅಂಗಾಂಗ ಕಸಿ ಕಾಯಿದೆಯ ಅಡಿಯಲ್ಲಿ ನಡೆಯುತ್ತದೆ, ಕರ್ನಾಟಕದಲ್ಲಿ ಮೃತ ದಾನಿಯ ಅಂಗಗಳ ಹಂಚಿಕೆಯನ್ನು ‘ಜೀವಸಾರ್ಥಕತೆ’ ನೋಡಿಕೊಳ್ಳುತ್ತದೆ. ಒಬ್ಬ ದಾನಿಯ ಎರಡು ಕಿಡ್ನಿಗಳು ಎರಡು ಆಸ್ಪತ್ರೆಗಳಿಗೆ ಹೋಗುವುದು ಸಾಮಾನ್ಯವಾದ್ದರಿಂದ, ತೆಗೆದವರು ಒಬ್ಬರು, ಕೂರಿಸುವವರು ಇನ್ನೊಬ್ಬರು ಆಗಿರುತ್ತಾರೆ. ಹೀಗಾಗಿ ಪೆಟ್ಟಿಗೆಯ ಜೊತೆ ಬಂದ ಕಾಗದಕ್ಕೆ ಅಂಗದಷ್ಟೇ ಮಹತ್ವವಿದೆ. ದಾನಿಯ ರಕ್ತದ ಗುಂಪು, ಎಡವೋ ಬಲವೋ ಎಂಬ ಗುರುತು, ರಕ್ತ ಸಂಚಾರ ನಿಲ್ಲಿಸಿ ತಣ್ಣನೆಯ ದ್ರಾವಣ ಹರಿಸಿದ ಸಮಯ, ಅಪಧಮನಿಗಳ ಸಂಖ್ಯೆ, ತೆಗೆಯುವಾಗ ಆದ ಗಾಯಗಳ ವಿವರ, ಇವನ್ನು ಒಬ್ಬರು ಗಟ್ಟಿಯಾಗಿ ಓದಬೇಕು, ಇನ್ನೊಬ್ಬರು ರೋಗಿಯ ಕಡತದೊಡನೆ ತಾಳೆ ನೋಡಬೇಕು. ಹಾಗೆ ಓದಿದ್ದನ್ನು ನಂಬಿ ಕೂರಬಾರದು. ‘ಒಂದು ಅಪಧಮನಿ’ ಎಂದು ಬರೆದಿರುವ ಕಿಡ್ನಿಗೆ ಎರಡಿರುವುದು ಅಪರೂಪವೇನಲ್ಲ.

ಕಿಡ್ನಿಯನ್ನು ಒಂದರೊಳಗೊಂದು ಮೂರು ಚೀಲಗಳಲ್ಲಿ ಕಟ್ಟಿರುತ್ತಾರೆ. ಒಳಚೀಲದಲ್ಲಿ ಸಂರಕ್ಷಕ ದ್ರಾವಣ ಮತ್ತು ಅಂಗ, ಅದರ ಹೊರಗೆ ತಣ್ಣನೆಯ ದ್ರವ ಅಥವಾ ಮಂಜು, ಎಲ್ಲಕ್ಕೂ ಹೊರಗೆ ಕಾವಲಿಗೆ ಇನ್ನೊಂದು ಚೀಲ. ಹೊರಚೀಲಗಳನ್ನು ಸಹಾಯಕರು ತೆರೆದು, ಒಳಚೀಲವನ್ನು ಮಾತ್ರ ಸ್ಕ್ರಬ್ ಆದವರು ಎತ್ತಿಕೊಳ್ಳಬೇಕು. ಒಳಚೀಲದ ದ್ರಾವಣವನ್ನು ಚೆಲ್ಲುವ ಮೊದಲು ಸೋಂಕಿದೆಯೇ ಎಂದು ನೋಡಲು ಅದರ ಸ್ವಲ್ಪ ಅಂಶವನ್ನು ಕಲ್ಚರ್‌ಗೆ ತೆಗೆದಿಡಬೇಕು. ಮೂರನೆಯ ದಿನ ರೋಗಿಗೆ ಜ್ವರ ಬಂದರೆ ಆ ಪುಟ್ಟ ಬಾಟಲಿಯ ಬೆಲೆ ತಿಳಿಯುತ್ತದೆ.

ಈಗ ಅಂಗವನ್ನು ಕೈಯಲ್ಲಿ ಹಿಡಿದು ದಿಕ್ಕು ಗುರುತಿಸಬೇಕು. ಗೋಡಂಬಿಯ ಒಳಬಾಗಿನಂತಿರುವ ಹಿಲಮ್‌ನಲ್ಲಿ ಮುಂದಿನಿಂದ ಹಿಂದಕ್ಕೆ ಅಭಿಧಮನಿ (ರಕ್ತವನ್ನು ಹೊರಗೊಯ್ಯುವ ನಾಳ, ಸಿರೆ), ಅಪಧಮನಿ, ಮೂತ್ರದ ಪೆಲ್ವಿಸ್ (ಮೂತ್ರ ಬಂದು ಸೇರುವ ಆಲಿಕೆ) ಎಂಬ ಕ್ರಮ ಇರುತ್ತದೆ. ಮೂತ್ರವನ್ನು ಮೂತ್ರಕೋಶಕ್ಕೆ ಒಯ್ಯುವ ಮೂತ್ರನಾಳ ಕೆಳಕ್ಕೆ ಇಳಿಯುತ್ತದೆ. ಅಭಿಧಮನಿ ಉದ್ದವಾಗಿದ್ದು, ಅದಕ್ಕೆ ಮೇಲಿನಿಂದ ಅಡ್ರಿನಲ್ (ಕಿಡ್ನಿಯ ಮೇಲಿನ ಗ್ರಂಥಿಯ) ಸಿರೆಯೂ ಕೆಳಗಿನಿಂದ ಗೊನಾಡಲ್ (ವೃಷಣ ಅಥವಾ ಅಂಡಾಶಯದ) ಸಿರೆಯೂ ಕೂಡುತ್ತಿದ್ದರೆ ಅದು ಎಡ ಕಿಡ್ನಿ. ಮಹಾಸಿರೆಯ (ದೇಹದ ಕೆಳಭಾಗದ ರಕ್ತವನ್ನು ಹೃದಯಕ್ಕೆ ಒಯ್ಯುವ ದೊಡ್ಡ ಸಿರೆ) ತುಂಡಿಗೆ ಗಿಡ್ಡ ಅಭಿಧಮನಿ ಅಂಟಿಕೊಂಡಿದ್ದರೆ ಅದು ಬಲ. ಚೀಟಿಗೂ ಕೈಯಲ್ಲಿರುವುದಕ್ಕೂ ತಾಳೆಯಾಗದಿದ್ದರೆ ಕತ್ತರಿಯನ್ನು ಕೆಳಗಿಟ್ಟು ಫೋನ್ ಎತ್ತಿಕೊಳ್ಳಬೇಕು.

ಜೋಡಿಯಾಗಿ ಬಂದಿದ್ದರೆ ಬೇರ್ಪಡಿಸುವುದು

ಕೆಲವೊಮ್ಮೆ ಎರಡೂ ಕಿಡ್ನಿಗಳನ್ನು ಮಹಾಪಧಮನಿ (ಹೃದಯದಿಂದ ಹೊರಡುವ ಮುಖ್ಯ ಅಪಧಮನಿ) ಮತ್ತು ಮಹಾಸಿರೆಯ ಸಮೇತ ಒಂದೇ ಗೊಂಚಲಾಗಿ ತೆಗೆದಿರುತ್ತಾರೆ. ಗೊಂಚಲನ್ನು ಬೋರಲು ಮಲಗಿಸಿ, ಮಹಾಪಧಮನಿಯ ಬೆನ್ನನ್ನು ಮೇಲೆ ಮಾಡಬೇಕು. ಅಲ್ಲಿ ಬೆನ್ನಿನ ಕಡೆಗೆ ಹೋಗುವ ಲಂಬಾರ್ ಅಪಧಮನಿಗಳ ಜೋಡಿ ತೂತುಗಳು ಸಾಲಾಗಿ ಕಾಣುತ್ತವೆ. ಆ ಜೋಡಿಗಳ ನಡುಗೆರೆಯನ್ನೇ ಹಿಡಿದು ಉದ್ದಕ್ಕೆ ಸೀಳಿದರೆ ಎರಡೂ ಬದಿಯ ಕಿಡ್ನಿ ಅಪಧಮನಿಗಳ ಬಾಯಿಗಳು ಒಳಗಿನಿಂದ ತೆರೆದು ಕಾಣುತ್ತವೆ. ಅಪಧಮನಿಗಳನ್ನು ಎಣಿಸಲು ಇದಕ್ಕಿಂತ ನಂಬಿಕಸ್ಥ ಜಾಗವಿಲ್ಲ. ಹೊರಗಿನ ಕೊಬ್ಬಿನಲ್ಲಿ ಹುಡುಕುವ ಬದಲು ಒಳಗಿನ ಬಾಯಿಗಳನ್ನು ಎಣಿಸಿ, ಆ ಸಂಖ್ಯೆಯನ್ನು ಮನಸ್ಸಿನಲ್ಲಿಟ್ಟುಕೊಂಡು ಹೊರಗೆ ಹುಡುಕಬೇಕು.

ನಂತರ ಗೊಂಚಲನ್ನು ಮಗುಚಿ, ಮಹಾಪಧಮನಿಯ ಮುಂದೆ ಅಡ್ಡ ಹಾಯುವ ಎಡ ಅಭಿಧಮನಿಯನ್ನು ಮಹಾಸಿರೆಗೆ ಕೂಡುವಲ್ಲಿ ಕತ್ತರಿಸಬೇಕು. ಎಡಕ್ಕೆ ಉದ್ದ ಸಾಕಷ್ಟಿರುವುದರಿಂದ ಮಹಾಸಿರೆಯಿಡೀ ಬಲ ಕಿಡ್ನಿಯ ಪಾಲು. ಬಳಿಕ ಮಹಾಪಧಮನಿಯ ಮುಂಗೋಡೆಯನ್ನು ನಡುಗೆರೆಯಲ್ಲಿ ಸೀಳಿದರೆ ಕಿಡ್ನಿಗಳು ಬೇರೆಯಾಗುತ್ತವೆ. ಬಲ ಅಪಧಮನಿ ಸಾಮಾನ್ಯವಾಗಿ ಮಹಾಸಿರೆಯ ಹಿಂದೆ ಹಾಯುತ್ತದೆ. ಆದರೆ ಬಲಗಡೆಯ ಕೆಳಧ್ರುವಕ್ಕೆ ಹೋಗುವ ಹೆಚ್ಚುವರಿ ಅಪಧಮನಿ ಕೆಲವರಲ್ಲಿ ಮಹಾಸಿರೆಯ ಮುಂದೆಯೇ ಹಾದಿರುತ್ತದೆ. ಮುಂದುಗಡೆಯ ಕೊಬ್ಬನ್ನು ನಿಶ್ಚಿಂತೆಯಿಂದ ಕತ್ತರಿಸುವವರು ಕಳೆದುಕೊಳ್ಳುವುದು ಇದನ್ನೇ.

ಕೊಬ್ಬು ಬಿಡಿಸುವುದು

ಕೊಬ್ಬನ್ನು ಮೊದಲು ಬಿಡಿಸಬೇಕೋ ರಕ್ತನಾಳಗಳನ್ನು ಮೊದಲು ಬಿಡಿಸಬೇಕೋ ಎಂಬುದರಲ್ಲಿ ಸರ್ಜನ್ನರಲ್ಲಿ ಎರಡು ಪಂಥಗಳಿವೆ. ಮೊದಲು ಅಪಧಮನಿಗಳ ಲೆಕ್ಕ, ಆಮೇಲೆ ಕೊಬ್ಬು ಎಂಬುದು ನನ್ನ ಪಕ್ಷ. ಎಲ್ಲಿ ಏನಿದೆ ಎಂದು ತಿಳಿಯದೆ ಕತ್ತರಿ ಆಡಿಸುವುದಕ್ಕೆ ಕಾರಣವೇ ಇಲ್ಲ.

ಬಿಡಿಸಲು ಶುರುಮಾಡಬೇಕಾದದ್ದು ಹಿಲಮ್‌ನಿಂದ ಅತಿ ದೂರದ ಹೊರಬಾಗಿನಲ್ಲಿ. ಅಲ್ಲಿ ಕೊಬ್ಬನ್ನು ಉದ್ದಕ್ಕೆ ಸೀಳಿ, ಹೊಳೆಯುವ ಪೊರೆ ಕಾಣುವವರೆಗೆ ಇಳಿದು, ಅದೇ ಪದರದಲ್ಲಿ ಮುಂದಕ್ಕೂ ಹಿಂದಕ್ಕೂ ಬಿಡಿಸುತ್ತ ಬರಬೇಕು. ಪೊರೆಯ ಕೆಳಗೆ ಇಳಿದರೆ ಅದು ಸಿಪ್ಪೆಯಂತೆ ಕಿತ್ತು ಬರುತ್ತದೆ, ರಕ್ತ ಹರಿದ ಮೇಲೆ ಆ ಮೈಯೆಲ್ಲ ಜಿನುಗುತ್ತದೆ. ಕೆಲವು ದಾನಿಗಳ ಕೊಬ್ಬು ಗಟ್ಟಿಯಾಗಿ ಪೊರೆಗೆ ಅಂಟಿರುತ್ತದೆ. ಅಲ್ಲಿ ಎಳೆಯಬಾರದು, ಚೂಪು ಕತ್ತರಿಯಿಂದ ಪದರ ಪದರವಾಗಿ ಬಿಡಿಸಬೇಕು. ಮೇಲುಧ್ರುವದಲ್ಲಿ ಅಡ್ರಿನಲ್ ಗ್ರಂಥಿಯನ್ನು ತೆಗೆಯುವಾಗ, ಅದರ ಪಕ್ಕದಲ್ಲೇ ಮೇಲುಧ್ರುವದ ಅಪಧಮನಿ ಹಾದಿರಬಹುದೆಂಬ ಎಚ್ಚರ ಬೇಕು. ಅಡ್ರಿನಲ್‌ಗೆ ಹೋಗುವ ಕವಲನ್ನು ಕಟ್ಟಬಹುದು, ಕಿಡ್ನಿಗೆ ಹೋಗುವುದನ್ನು ಕಟ್ಟಬಾರದು; ತುದಿಯವರೆಗೆ ಹಿಂಬಾಲಿಸಿ ನೋಡದೆ ಯಾವುದು ಯಾವುದೆಂದು ಹೇಳಲಾಗದು.

ಇಷ್ಟೆಲ್ಲ ಶ್ರಮಪಟ್ಟು ಕೊಬ್ಬು ತೆಗೆಯುವುದೇಕೆ? ಅದು ಹೊದಿಕೆಯಂತೆ ಶಾಖವನ್ನು ಹಿಡಿದಿಡುತ್ತದೆ, ಅಡಿಯಲ್ಲಿರುವ ಗಂಟನ್ನೋ ಗಾಯವನ್ನೋ ಮರೆಮಾಡುತ್ತದೆ, ರೋಗಿಯ ಸೊಂಟದ ಇಕ್ಕಟ್ಟಾದ ಕುಳಿಯಲ್ಲಿ ಜಾಗ ನುಂಗುತ್ತದೆ, ರಕ್ತ ಹರಿಸಿದಾಗ ಕಿಡ್ನಿಯ ಬಣ್ಣ ಎಲ್ಲೆಡೆ ಸಮನಾಗಿ ಬಂತೇ ಎಂದು ನೋಡಲು ಬಿಡುವುದಿಲ್ಲ.

ಮುಟ್ಟಬಾರದ ತ್ರಿಕೋನ

ಕಿಡ್ನಿಯ ಕೆಳಧ್ರುವ, ಹಿಲಮ್ ಮತ್ತು ಮೂತ್ರನಾಳ, ಈ ಮೂರರ ನಡುವಿನ ಕೊಬ್ಬಿನ ತ್ರಿಕೋನವನ್ನು ‘ಗೋಲ್ಡನ್ ಟ್ರಯಾಂಗಲ್’ ಎನ್ನುತ್ತಾರೆ. ಬೆಂಚಿನಲ್ಲಿ ಇರುವ ಅತಿ ಬೆಲೆಬಾಳುವ ಕೊಬ್ಬು ಇದು. ಕಾರಣ ಸರಳ. ದೇಹದಲ್ಲಿರುವಾಗ ಮೂತ್ರನಾಳಕ್ಕೆ ರಕ್ತ ಹಲವು ಕಡೆಯಿಂದ ಬರುತ್ತದೆ: ಮೇಲ್ಭಾಗಕ್ಕೆ ಕಿಡ್ನಿಯ ಅಪಧಮನಿಯಿಂದ, ನಡುವಿಗೆ ಮಹಾಪಧಮನಿ, ಗೊನಾಡಲ್ ಮತ್ತು ಇಲಿಯಾಕ್ (ಸೊಂಟದ) ಅಪಧಮನಿಗಳಿಂದ, ಕೆಳಗೆ ಮೂತ್ರಕೋಶದ ರಕ್ತನಾಳಗಳಿಂದ. ದಾನಿಯಿಂದ ತೆಗೆದ ಕೂಡಲೇ ನಡುವಿನ ಮತ್ತು ಕೆಳಗಿನ ಸರಬರಾಜು ನಿಂತುಹೋಗುತ್ತದೆ. ಉಳಿಯುವುದು ಮೇಲಿನ ಒಂದೇ ದಾರಿ, ಅದೂ ಈ ತ್ರಿಕೋನದ ಕೊಬ್ಬಿನೊಳಗೆ ಹಾಯುವ ಸೂಕ್ಷ್ಮ ಕವಲುಗಳ ಮೂಲಕ.

ಅಂದವಾಗಿ ಕಾಣಲೆಂದು ಈ ಜಾಗವನ್ನು ಶುಚಿಗೊಳಿಸಿ ಮೂತ್ರನಾಳವನ್ನು ಬಿಳಿ ದಾರದಂತೆ ಬೋಳಿಸಿದರೆ, ಅದರ ತುದಿ ಕ್ರಮೇಣ ಕೊಳೆತು, ದಿನಗಳಲ್ಲೋ ವಾರಗಳಲ್ಲೋ ಮೂತ್ರ ಹೊಟ್ಟೆಯೊಳಗೆ ಸೋರಲು ಶುರುವಾಗುತ್ತದೆ. ಹೊಸಬರಿಗೆ ಹೇಳಬೇಕಾದ ಮಾತೊಂದಿದ್ದರೆ ಇದೇ: ಬೆಂಚಿನ ಮೇಲೆ ಚಂದವಾಗಿ ಕಾಣುವ ಕಿಡ್ನಿಯ ಬಗ್ಗೆ ಅನುಮಾನವಿರಲಿ. ಮೂತ್ರನಾಳದ ಸುತ್ತ ಕೊಬ್ಬಿನ ಒರಟು ಅಂಚು ಉಳಿದಿರಬೇಕು. ಉದ್ದಕ್ಕೂ ಅದನ್ನು ಫೋರ್ಸೆಪ್ಸ್‌ನಿಂದ ಹಿಸುಕಬಾರದು. ಗೊನಾಡಲ್ ಸಿರೆಯನ್ನು ಮೂತ್ರನಾಳದ ಜೊತೆಗೇ ಬಿಟ್ಟುಬಿಡುವುದು ಒಳ್ಳೆಯದು. ಮೂತ್ರನಾಳ ಎರಡಿದ್ದರೆ ಅವೆರಡನ್ನೂ ಒಂದೇ ಕೊಬ್ಬಿನ ಹೊದಿಕೆಯಲ್ಲಿ ಒಟ್ಟಿಗೆ ಉಳಿಸಬೇಕು. ಉದ್ದವನ್ನು ಇಲ್ಲಿ ಕತ್ತರಿಸಬೇಕಾಗಿಲ್ಲ. ಆ ನಿರ್ಧಾರ ರೋಗಿಯ ಮೂತ್ರಕೋಶಕ್ಕೆ ಜೋಡಿಸುವಾಗ.

ಅಭಿಧಮನಿ

ಕಿಡ್ನಿಯ ಒಳಗೆ ಅಭಿಧಮನಿಗಳು ಪರಸ್ಪರ ಕೂಡಿಕೊಂಡಿವೆ. ಒಂದನ್ನು ಕಟ್ಟಿದರೆ ರಕ್ತ ಇನ್ನೊಂದರಲ್ಲಿ ಹೊರಬರುತ್ತದೆ. ಆದ್ದರಿಂದ ಎಡ ಅಭಿಧಮನಿಗೆ ಕೂಡುವ ಅಡ್ರಿನಲ್, ಗೊನಾಡಲ್, ಲಂಬಾರ್ ಕವಲುಗಳನ್ನು ರೇಷ್ಮೆ ದಾರದಿಂದ ಕಟ್ಟಬಹುದು, ಸಣ್ಣ ಹೆಚ್ಚುವರಿ ಅಭಿಧಮನಿಯನ್ನೂ ಕಟ್ಟಬಹುದು. ಗಂಟನ್ನು ಮುಖ್ಯನಾಳದ ಗೋಡೆಗೆ ತೀರಾ ಹತ್ತಿ ಹಾಕಿದರೆ ಗೋಡೆ ಒಳಕ್ಕೆ ಎಳೆದುಕೊಂಡು ನಾಳ ಕಿರಿದಾಗುತ್ತದೆ. ತೀರಾ ದೂರ ಹಾಕಿದರೆ ಜಾರುತ್ತದೆ. ಲಂಬಾರ್ ಕವಲು ಹಿಂಬದಿಯಲ್ಲಿ ಅಡಗಿರುತ್ತದೆ, ಮಗುಚಿ ನೋಡದವರಿಗೆ ಕಾಣುವುದಿಲ್ಲ.

ಬಲ ಕಿಡ್ನಿಯದು ಬೇರೆ ಕಥೆ. ಅದರ ಅಭಿಧಮನಿ ಗಿಡ್ಡ, ಗೋಡೆಯೂ ತೆಳು. ಸ್ಥೂಲ ದೇಹದ ರೋಗಿಯ ಸೊಂಟದ ಆಳದಲ್ಲಿ ಅದನ್ನು ಹೊಲಿಯುವುದು ಕಷ್ಟ. ಮಹಾಸಿರೆಯನ್ನು ಬಲದ ಪಾಲಿಗೆ ಬಿಟ್ಟದ್ದು ಇದಕ್ಕಾಗಿಯೇ. ಮಹಾಸಿರೆಯ ತುಂಡಿನ ಮೇಲುತುದಿಯನ್ನೂ ಎಡ ಅಭಿಧಮನಿ ಕೂಡಿದ್ದ ತೂತನ್ನೂ 5-0 ಪಾಲಿಪ್ರೊಪಿಲೀನ್‌ನಿಂದ ಅಥವಾ ಸ್ಟೇಪ್ಲರ್‌ನಿಂದ ಮುಚ್ಚಿ, ಕೆಳತುದಿಯನ್ನು ತೆರೆದಿಟ್ಟರೆ, ರಕ್ತ ಗಿಡ್ಡ ಅಭಿಧಮನಿಯಿಂದ ಮಹಾಸಿರೆಯ ಕೊಳವೆಗೆ ಬಂದು, ತಿರುಗಿ ಕೆಳಗಿನ ಬಾಯಿಯಿಂದ ಹೊರಬರುತ್ತದೆ. ಹೀಗೆ ಕೆಲವು ಸೆಂಟಿಮೀಟರ್ ಉದ್ದ ಸಿಗುತ್ತದೆ. ಉದ್ದ ಹೆಚ್ಚಾದಷ್ಟೂ ಒಳ್ಳೆಯದೆಂಬುದು ಮಾತ್ರ ತಪ್ಪು ಲೆಕ್ಕ. ಬೇಕಾದ್ದಕ್ಕಿಂತ ಉದ್ದದ ಅಭಿಧಮನಿ ಕಿಡ್ನಿಯನ್ನು ಕೂರಿಸಿದಾಗ ಮಡಚಿಕೊಂಡು ಹೆಪ್ಪುಗಟ್ಟಬಹುದು. ಹೊಲಿದ ಸಾಲು ತಿರುಚಿಕೊಳ್ಳದಂತೆ ಮುಂಗೋಡೆಗೆ ಒಂದು ಗುರುತು ಹಾಕಿಟ್ಟುಕೊಳ್ಳುವುದು ಚಿಕ್ಕ ಉಪಾಯ, ಉಪಕಾರ ದೊಡ್ಡದು.

ಅಪಧಮನಿ: ಬೆಂಚಿನ ಹೆಚ್ಚಿನ ಸಮಯ ಬೇಡುವ ಭಾಗ

ಅಭಿಧಮನಿಗೆ ಹೇಳಿದ ಮಾತು ಅಪಧಮನಿಗೆ ಸಲ್ಲುವುದಿಲ್ಲ. ಕಿಡ್ನಿಯ ಒಳಗಿನ ಅಪಧಮನಿಗಳು ಪರಸ್ಪರ ಕೂಡುವುದಿಲ್ಲ. ಪ್ರತಿಯೊಂದೂ ತನ್ನ ಪಾಲಿನ ಪ್ರದೇಶಕ್ಕೆ ಏಕೈಕ ದಾರಿ. ಕಟ್ಟಿದರೆ ಅಷ್ಟು ಭಾಗ ಸತ್ತಂತೆ. ಸುಮಾರು ನಾಲ್ಕು ಕಿಡ್ನಿಗಳಲ್ಲಿ ಒಂದಕ್ಕೆ ಒಂದಕ್ಕಿಂತ ಹೆಚ್ಚು ಅಪಧಮನಿಗಳಿರುತ್ತವೆ, ಹಾಗಾಗಿ ಇದು ಅಪರೂಪದ ಸಮಸ್ಯೆಯಲ್ಲ.

ಮೃತ ದಾನಿಯ ಕಿಡ್ನಿಯಲ್ಲಿ ಅಪಧಮನಿಯ ಬಾಯಿಯ ಸುತ್ತ ಮಹಾಪಧಮನಿಯ ಗೋಡೆಯ ತೇಪೆಯೊಂದನ್ನು ಉಳಿಸಿಕೊಳ್ಳುತ್ತಾರೆ. ಇದಕ್ಕೆ ‘ಕ್ಯಾರೆಲ್ ಪ್ಯಾಚ್’ ಎಂದು ಹೆಸರು. ರಕ್ತನಾಳಗಳನ್ನು ಸೂಜಿದಾರದಿಂದ ಜೋಡಿಸುವ ವಿಧಾನಕ್ಕಾಗಿ ಮತ್ತು ಅಂಗಕಸಿಯ ಕೆಲಸಕ್ಕಾಗಿ 1912ರಲ್ಲಿ ನೊಬೆಲ್ ಪಡೆದ ಫ್ರೆಂಚ್ ಸರ್ಜನ್ ಅಲೆಕ್ಸಿಸ್ ಕ್ಯಾರೆಲ್ ಅವರ ನೆನಪು ಅದರಲ್ಲಿದೆ. ಹೊಲಿಗೆ ಅಪಧಮನಿಯ ಕಿರುಬಾಯಿಗೆ ಬೀಳದೆ ಅಗಲವಾದ ತೇಪೆಯ ಅಂಚಿಗೆ ಬೀಳುವುದರಿಂದ ಬಾಯಿ ಕಿರಿದಾಗುವುದಿಲ್ಲ. ತೇಪೆಯನ್ನು ಬಾಯಿಯ ಸುತ್ತ ಎರಡು ಮೂರು ಮಿಲಿಮೀಟರ್ ಅಂಚು ಉಳಿಯುವಂತೆ ಟ್ರಿಮ್ ಮಾಡಬೇಕು. ವಯಸ್ಸಾದ ದಾನಿಯ ಮಹಾಪಧಮನಿಯಲ್ಲಿ ಸುಣ್ಣಗಟ್ಟಿದ ಕೊಬ್ಬಿನ ಪದರ ತುಂಬಿದ್ದರೆ, ಒಡೆಯುವ ಆ ಗೋಡೆಗೆ ಸೂಜಿ ಹಾಕುವುದಕ್ಕಿಂತ ತೇಪೆಯನ್ನು ಬಿಟ್ಟು, ಆರೋಗ್ಯವಾಗಿರುವ ಅಪಧಮನಿಯನ್ನೇ ಓರೆಯಾಗಿ ಕತ್ತರಿಸಿ ಬಳಸುವುದು ಕ್ಷೇಮ.

ಬಾಯಿಯ ಒಳಗೆ ಇಣುಕಿ ಒಳಪದರವನ್ನು ನೋಡುವುದು ಕಡ್ಡಾಯ. ಅಂಗವನ್ನು ತೆಗೆಯುವಾಗ ಎಳೆದಿದ್ದರೆ ಒಳಪದರ ಬಿರುಕುಬಿಟ್ಟು ಪರದೆಯಂತೆ ಜೋತುಬಿದ್ದಿರಬಹುದು. ಹೊರಗಿನಿಂದ ಅಪಧಮನಿ ಸರಿಯಾಗಿಯೇ ಕಾಣುತ್ತದೆ. ರಕ್ತ ಹರಿದಾಗ ಆ ಪರದೆ ಎದ್ದು ನಾಳವನ್ನು ಮುಚ್ಚುತ್ತದೆ. ಬಿರುಕಿರುವ ಭಾಗವನ್ನು ಕತ್ತರಿಸಿ ತೆಗೆಯಬೇಕು, ಇಲ್ಲವೇ ಒಳಪದರವನ್ನು ಸೂಕ್ಷ್ಮ ಹೊಲಿಗೆಯಿಂದ ಗೋಡೆಗೆ ಕೂರಿಸಬೇಕು.

ಅಪಧಮನಿಗಳು ಹೆಚ್ಚಿದ್ದಾಗ ಏನು ಮಾಡಬೇಕೆಂಬುದು ಅವುಗಳ ಗಾತ್ರ, ಅಂತರ ಮತ್ತು ತಲುಪುವ ಜಾಗವನ್ನು ಅವಲಂಬಿಸುತ್ತದೆ. ಎರಡೂ ಬಾಯಿಗಳು ಒಂದೇ ತೇಪೆಯಲ್ಲಿ ಹತ್ತಿರ ಹತ್ತಿರ ಇದ್ದರೆ ಅದೃಷ್ಟ. ಹಾಗೆಯೇ ಒಂದೇ ಹೊಲಿಗೆಯಲ್ಲಿ ಕೂರಿಸಬಹುದು. ಬಾಯಿಗಳ ನಡುವೆ ದೂರ ಹೆಚ್ಚಿದ್ದರೆ ನಡುವಿನ ಗೋಡೆಯನ್ನು ಕತ್ತರಿಸಿ ತೆಗೆದು, ಎರಡು ತುಂಡುಗಳನ್ನು ಸೇರಿಸಿ ಹೊಲಿದು ತೇಪೆಯನ್ನು ಗಿಡ್ಡ ಮಾಡಬಹುದು.

ತೇಪೆಯಿಲ್ಲದೆ, ಹೆಚ್ಚು ಕಡಿಮೆ ಒಂದೇ ಗಾತ್ರದ ಎರಡು ಅಪಧಮನಿಗಳು ಅಕ್ಕಪಕ್ಕ ಇದ್ದರೆ, ಎರಡರ ಎದುರುಬದುರು ಗೋಡೆಗಳನ್ನು ಸ್ವಲ್ಪ ಸೀಳಿ 7-0 ಹೊಲಿಗೆಯಿಂದ ಕೂಡಿಸಿದರೆ, ಪಾಯಿಜಾಮದ ಎರಡು ಕಾಲುಗಳು ಸೊಂಟದಲ್ಲಿ ಸೇರುವಂತೆ, ಒಂದೇ ಅಗಲವಾದ ಬಾಯಿ ಸಿಗುತ್ತದೆ. ಇದಕ್ಕೆ ಪ್ಯಾಂಟಲೂನ್ ಜೋಡಣೆ ಎಂದೇ ಹೆಸರು. ಒಂದು ದೊಡ್ಡದು, ಇನ್ನೊಂದು ತೀರ ಚಿಕ್ಕದಾಗಿದ್ದರೆ ಚಿಕ್ಕದರ ತುದಿಯನ್ನು ದೊಡ್ಡದರ ಪಕ್ಕಕ್ಕೆ ಜೋಡಿಸಬೇಕು. ಇಲ್ಲಿ ಸಾಲುಹೊಲಿಗೆಗಿಂತ ಬಿಡಿಬಿಡಿಯಾಗಿ ಹಾಕಿದ ಹೊಲಿಗೆ ಮೇಲು, ಅದು ಬಾಯಿಯನ್ನು ಬಿಗಿಯುವುದಿಲ್ಲ. ಚಿಕ್ಕ ಅಪಧಮನಿ ದೂರದಲ್ಲಿದ್ದು ಎಳೆದರೆ ಬಿಗಿಯಾಗುವಂತಿದ್ದರೆ ಬಲವಂತ ಮಾಡಬಾರದು. ಅದನ್ನು ಹಾಗೆಯೇ ಗುರುತುಮಾಡಿಟ್ಟು, ರೋಗಿಯ ಹೊಟ್ಟೆಯ ಗೋಡೆಯ ಇನ್‌ಫೀರಿಯರ್ ಎಪಿಗ್ಯಾಸ್ಟ್ರಿಕ್ ಅಪಧಮನಿಗೆ ಬೇರೆಯಾಗಿ ಜೋಡಿಸುವುದು ಒಳ್ಳೆಯ ದಾರಿ. ಆ ಅಪಧಮನಿಯನ್ನು ಉಳಿಸಿಕೊಳ್ಳಲು ರೋಗಿಯ ಮೇಜಿನಲ್ಲಿರುವವರಿಗೆ ಮುಂಚೆಯೇ ಕೂಗಿ ಹೇಳಬೇಕಷ್ಟೆ.

ಕಟ್ಟಿಬಿಡಬಹುದಾದ ಅಪಧಮನಿ ಇದೆಯೇ? ಮೇಲುಧ್ರುವದ ತೀರ ಸಣ್ಣ, ಎರಡು ಮಿಲಿಮೀಟರಿಗಿಂತ ಕಿರಿದಾದ ಕವಲು ಕಿಡ್ನಿಯ ಬಹಳ ಚಿಕ್ಕ ಭಾಗಕ್ಕೆ ಮಾತ್ರ ರಕ್ತ ಕೊಡುತ್ತಿದ್ದರೆ ಅನುಭವಿಗಳು ಅದನ್ನು ಬಿಟ್ಟುಕೊಡುತ್ತಾರೆ. ಕೆಳಧ್ರುವದ್ದು ಎಷ್ಟೇ ಸಣ್ಣದಾಗಿರಲಿ, ಅದಕ್ಕೆ ಈ ರಿಯಾಯಿತಿಯಿಲ್ಲ; ಮೂತ್ರನಾಳದ ರಕ್ತ ಅದರಿಂದಲೇ ಬರುತ್ತಿರಬಹುದು.

ಮೌನವನ್ನು ಮಾತಾಡಿಸುವ ಪರೀಕ್ಷೆ

ಎಲ್ಲ ಕಟ್ಟಿ ಮುಗಿಸಿದ ಮೇಲೆ ಸೋರಿಕೆ ಪರೀಕ್ಷೆ. ಅಪಧಮನಿಯ ಬಾಯಿಗೆ ಮೊಂಡು ಕ್ಯಾನುಲಾ ಇಟ್ಟು, ಬೆರಳಿನಿಂದ ಹಿಡಿದು, ತಣ್ಣನೆಯ ದ್ರಾವಣವನ್ನು ನಿಧಾನವಾಗಿ ಹರಿಸಬೇಕು. ಎರಡು ಸಂಗತಿಗಳನ್ನು ಗಮನಿಸಬೇಕು. ಮೊದಲನೆಯದು, ಕಿಡ್ನಿಯ ಮೈ ಎಲ್ಲೆಡೆ ಸಮನಾಗಿ ಬಿಳಿಚುತ್ತದೆಯೇ ಎಂಬುದು. ಒಂದು ಕಡೆ ಕಪ್ಪು ತೇಪೆ ಉಳಿದರೆ ಅಲ್ಲಿಗೆ ಹೋಗುವ ಅಪಧಮನಿ ಎಲ್ಲೋ ತಪ್ಪಿಹೋಗಿದೆ, ಹುಡುಕಬೇಕು. ಎರಡನೆಯದು, ಹಿಲಮ್‌ನ ಕೊಬ್ಬಿನಲ್ಲಿ ಎಲ್ಲಾದರೂ ಸಣ್ಣ ಚಿಲುಮೆಯಂತೆ ನೀರು ಚಿಮ್ಮುತ್ತಿದೆಯೇ ಎಂಬುದು. ಚಿಮ್ಮಿದಲ್ಲಿ ಆ ಒಂದು ಬಿಂದುವನ್ನು ಮಾತ್ರ ಹಿಡಿದು ಸಣ್ಣ ಹೊಲಿಗೆ ಹಾಕಬೇಕು. ಅಂದಾಜಿನಲ್ಲಿ ಒಂದು ಮುಷ್ಟಿ ಅಂಗಾಂಶವನ್ನು ಸೇರಿಸಿ ಕ್ಲಿಪ್ ಹಾಕಿದರೆ ಅದರೊಳಗೆ ನಿಜವಾದ ಅಪಧಮನಿಯೊಂದು ಸಿಕ್ಕಿಕೊಂಡಿರುತ್ತದೆ.

ಬಳಿಕ ಅಭಿಧಮನಿಯ ತುದಿಗೆ ಬುಲ್‌ಡಾಗ್ ಹಾಕಿ ಒಳಗೆ ದ್ರಾವಣ ತುಂಬಿ, ಉಬ್ಬಿದ ನಾಳವನ್ನು ಎಲ್ಲ ಬದಿಯಿಂದ ತಿರುಗಿಸಿ ನೋಡಬೇಕು. ಒತ್ತಡ ಮೃದುವಾಗಿರಲಿ. ಇಲ್ಲಿ ಕಂಡ ಒಂದು ತೂತು ಒಂದು ನಿಮಿಷದ ಹೊಲಿಗೆ. ಇದೇ ತೂತು ರಕ್ತ ಹರಿಸಿದ ಮೇಲೆ ಕಿಡ್ನಿಯ ಹಿಂಬದಿಯಲ್ಲಿ ಕಂಡರೆ ಬೆವರಿಳಿಸುತ್ತದೆ. ಹಿಲಮ್‌ನಲ್ಲಿ ಕಾಣುವ ದುಗ್ಧನಾಳದ (ಲಿಂಫ್) ಎಳೆಗಳನ್ನೂ ಕಟ್ಟುವುದು ಒಳ್ಳೆಯ ಅಭ್ಯಾಸ. ಮುಂದೆ ಕಿಡ್ನಿಯ ಸುತ್ತ ದುಗ್ಧರಸ ಕಟ್ಟಿಕೊಳ್ಳುವುದು ಇದರಿಂದ ಕಡಿಮೆಯಾಗುತ್ತದೆ.

ಬಯಾಪ್ಸಿ, ಗಂಟು, ನೀರುಗುಳ್ಳೆ

ದಾನಿಗೆ 60 ತುಂಬಿದ್ದರೆ, ಅಥವಾ 50ರಿಂದ 59ರ ನಡುವಿದ್ದು ರಕ್ತದೊತ್ತಡ, ಡೆಸಿಲೀಟರಿಗೆ 1.5 ಮಿಲಿಗ್ರಾಮಿಗಿಂತ ಹೆಚ್ಚಿನ ಕ್ರಿಯೇಟಿನಿನ್ (ಕಿಡ್ನಿ ಹೊರಹಾಕಬೇಕಾದ ರಕ್ತದ ಕಸ), ಪಾರ್ಶ್ವವಾಯುವಿನಿಂದ ಸಾವು ಈ ಮೂರರಲ್ಲಿ ಎರಡಿದ್ದರೆ, ಕಿಡ್ನಿಯ ಗುಣಮಟ್ಟ ತಿಳಿಯಲು ಬಯಾಪ್ಸಿ ತೆಗೆಯುವ ಪದ್ಧತಿ ಅನೇಕ ಕೇಂದ್ರಗಳಲ್ಲಿದೆ. ಪೆಥಾಲಜಿಸ್ಟ್‌ಗೆ ರಕ್ತ ಸೋಸುವ ಕನಿಷ್ಠ 25 ಗ್ಲೊಮೆರುಲಸ್‌ಗಳಾದರೂ ಸಿಗಬೇಕು. ಮೇಲ್ಮೈಯಿಂದ ತ್ರಿಕೋನಾಕಾರವಾಗಿ ಕತ್ತರಿಸಿದ ತುಂಡಿನಲ್ಲಿ ಪೊರೆಯ ಅಡಿಯ ಗ್ಲೊಮೆರುಲಸ್‌ಗಳೇ ಹೆಚ್ಚಾಗಿ ಬರುತ್ತವೆ, ಅಲ್ಲಿ ಗಾಯಗಟ್ಟಿದವು ಸಹಜವಾಗಿಯೇ ಹೆಚ್ಚು. ಹಾಗಾಗಿ ವರದಿ ಕಿಡ್ನಿಯ ನಿಜಸ್ಥಿತಿಗಿಂತ ಕೆಟ್ಟದಾಗಿ ಕಾಣಬಹುದು. ಐದನೇ ಒಂದು ಭಾಗಕ್ಕಿಂತ ಹೆಚ್ಚು ಗಾಯಗಟ್ಟಿದ್ದರೆ ಯೋಚಿಸಬೇಕೆಂಬ ರೂಢಿಯಿದೆ, ಆದರೆ ಆ ಒಂದು ಸಂಖ್ಯೆಯ ಮೇಲೆಯೇ ಕಿಡ್ನಿಯನ್ನು ತಿರಸ್ಕರಿಸುವುದು ನನಗೆ ಒಪ್ಪಿಗೆಯಿಲ್ಲ. ಬಯಾಪ್ಸಿಯ ಜಾಗವನ್ನು ಹೊಲಿದು ಮುಚ್ಚಬೇಕು.

ತೆಳು ಗೋಡೆಯ, ತಿಳಿನೀರಿನ ಗುಳ್ಳೆಯನ್ನು ತೆರೆದುಬಿಟ್ಟರೆ ಸಾಕು. ಘನವಾದ ಗಂಟು ಕಂಡರೆ ಮಾತ್ರ ಕೆಲಸ ಅಲ್ಲಿಗೇ ನಿಲ್ಲಬೇಕು. ಅದನ್ನು ತೆಗೆದು, ಕ್ಯಾನ್ಸರ್ ಇದೆಯೇ ಎಂದು ಬೇಗ ತಿಳಿಸುವ ಫ್ರೋಜನ್ ಸೆಕ್ಷನ್‌ಗೆ ಕಳಿಸಿ, ಉತ್ತರ ಬರುವವರೆಗೆ ರೋಗಿಯ ಹೊಟ್ಟೆಯನ್ನು ತೆರೆಯಕೂಡದು, ಜೊತೆ ಕಿಡ್ನಿ ಹೋದ ಆಸ್ಪತ್ರೆಗೂ ತಕ್ಷಣ ತಿಳಿಸಬೇಕು.

ಜೀವಂತ ದಾನಿಯ ಕಿಡ್ನಿಯಾದರೆ

1954ರ ಡಿಸೆಂಬರಿನಲ್ಲಿ ಬಾಸ್ಟನ್‌ನಲ್ಲಿ ಜೋಸೆಫ್ ಮರ್ರೆ ತಂಡ ಮಾಡಿದ ಮೊದಲ ಯಶಸ್ವಿ ಕಿಡ್ನಿ ಕಸಿಯಲ್ಲಿ ದಾನಿ ರೋಗಿಯ ಅವಳಿ ಸಹೋದರನೇ ಆಗಿದ್ದ. ನಮ್ಮ ದೇಶದಲ್ಲಿ ಇಂದಿಗೂ ಹೆಚ್ಚಿನ ಕಿಡ್ನಿಗಳು ಬರುವುದು ಮನೆಯವರಿಂದಲೇ. ಈ ಕಿಡ್ನಿ ಕೈಗೆ ಬರುವಾಗ ಇನ್ನೂ ಬೆಚ್ಚಗೆ, ರಕ್ತ ತುಂಬಿ ಕೆಂಪಗಿರುತ್ತದೆ. ಹಾಗಾಗಿ ಮೊದಲ ಕೆಲಸ ತೊಳೆಯುವುದು: ದ್ರಾವಣದ ಚೀಲವನ್ನು ಸುಮಾರು ಒಂದು ಮೀಟರ್ ಎತ್ತರಕ್ಕೆ ನೇತುಹಾಕಿ, ಅಪಧಮನಿಗೆ ಕ್ಯಾನುಲಾ ಇಟ್ಟು, ಅಭಿಧಮನಿಯಿಂದ ತಿಳಿಯಾದ ದ್ರವ ಬರುವವರೆಗೆ ಹರಿಸಬೇಕು. ಅಪಧಮನಿಗಳು ಎರಡಿದ್ದರೆ ಒಂದರಲ್ಲಿ ಹರಿಸಿದಾಗ ಬಿಳಿಚದೆ ಉಳಿಯುವ ಜಾಗವೇ ಇನ್ನೊಂದರ ಪಾಲು. ಸಣ್ಣದು ಎಷ್ಟು ಮುಖ್ಯವೆಂದು ಅಳೆಯಲು ಇದಕ್ಕಿಂತ ಒಳ್ಳೆಯ ಅವಕಾಶ ಸಿಗದು.

ಇಲ್ಲಿ ಕ್ಯಾರೆಲ್ ಪ್ಯಾಚ್ ಇಲ್ಲ, ಮಹಾಸಿರೆಯೂ ಇಲ್ಲ. ದಾನಿಯ ಸುರಕ್ಷತೆಗಾಗಿ ಅವನ್ನು ಬಿಟ್ಟು ಬಂದಿರುತ್ತಾರೆ. ಎಡ ಕಿಡ್ನಿಗೆ ಆದ್ಯತೆ ಸಿಗಲು ಅದರ ಉದ್ದವಾದ ಅಭಿಧಮನಿಯೇ ಒಂದು ಕಾರಣ. ಬಲವನ್ನೇ ತೆಗೆಯಬೇಕಾಗಿ ಬಂದು ಅಭಿಧಮನಿ ತೀರ ಗಿಡ್ಡವಾದರೆ, ಗೊನಾಡಲ್ ಸಿರೆಯ ತುಂಡನ್ನು ಸೀಳಿ ಸುರುಳಿಯಾಗಿ ಹೊಲಿದು ಕೊಳವೆ ಮಾಡಿ ಸೇರಿಸುವ ವಿಧಾನವಿದೆ. ಹೆಚ್ಚಿನ ಸಲ ರೋಗಿಯ ಇಲಿಯಾಕ್ ಅಭಿಧಮನಿಯನ್ನೇ ಚೆನ್ನಾಗಿ ಬಿಡಿಸಿ ಮೇಲಕ್ಕೆ ತಂದುಕೊಂಡರೆ ಈ ಕಸೂತಿ ಬೇಕಾಗುವುದಿಲ್ಲ.

ಹಸ್ತಾಂತರ

ಸಿದ್ಧವಾದ ಕಿಡ್ನಿಯ ಚಿತ್ರವನ್ನು ಒಂದು ಹಾಳೆಯ ಮೇಲೆ ಗೆರೆಗಳಲ್ಲಿ ಬರೆದು, ಎಷ್ಟು ಅಪಧಮನಿ, ಏನು ಕಟ್ಟಲಾಯಿತು, ಎಲ್ಲಿ ಹೊಲಿಯಲಾಯಿತು, ಯಾವ ಮೈ ಮುಂದೆ ಎಂದು ಗುರುತಿಸಿ ಕಡತಕ್ಕೆ ಸೇರಿಸಬೇಕು. ರೋಗಿ ಸಿದ್ಧವಾಗಿಲ್ಲದಿದ್ದರೆ ಕಿಡ್ನಿಯನ್ನು ಮತ್ತೆ ತಣ್ಣನೆಯ ದ್ರಾವಣದಲ್ಲಿ ಮುಳುಗಿಸಿಡಬೇಕು. ಕಿಡ್ನಿಯೊಳಗೆ ದ್ರಾವಣ ಹರಿಸುತ್ತಲೇ ಇರುವ ಪಂಪ್ ಯಂತ್ರವಿದ್ದ ಕೇಂದ್ರಗಳಲ್ಲಿ ಅದಕ್ಕೆ ಜೋಡಿಸುತ್ತಾರೆ; ಆಗ ಕ್ಯಾರೆಲ್ ಪ್ಯಾಚನ್ನು ಯಂತ್ರದ ಕ್ಯಾನುಲಾ ಹಿಡಿಯುವಷ್ಟು ದೊಡ್ಡದಾಗಿಯೇ ಬಿಟ್ಟಿರಬೇಕು.

ಕೂರಿಸುವ ಹೊತ್ತಿಗೆ ಗಾಜ್ ಬಟ್ಟೆಯಲ್ಲಿ ಮಂಜಿನ ಪುಡಿಯ ಸಮೇತ ಕಿಡ್ನಿಯನ್ನು ಸುತ್ತಿ, ರಕ್ತನಾಳಗಳು ಹೊರಬರಲು ಒಂದು ಕಿಂಡಿ ಕತ್ತರಿಸಿ, ಮೇಲುಧ್ರುವ ಯಾವುದೆಂದು ಬಟ್ಟೆಗೆ ಒಂದು ದಾರ ಕಟ್ಟಬೇಕು. ಹೊದಿಕೆಯ ಒಳಗೆ ಕಿಡ್ನಿ ತಲೆಕೆಳಗಾದರೆ ಹೊರಗಿನಿಂದ ತಿಳಿಯುವುದಿಲ್ಲ. ರಕ್ತನಾಳಗಳನ್ನು ಹೊಲಿಯುವ ಅರ್ಧ ಮುಕ್ಕಾಲು ಗಂಟೆ ಈ ಹೊದಿಕೆಯೇ ಕಿಡ್ನಿಯ ಚಳಿಯನ್ನು ಕಾಪಾಡುತ್ತದೆ. ಬೋಗುಣಿಯಿಂದ ಎತ್ತಿದ ಸಮಯವನ್ನು ಗಟ್ಟಿಯಾಗಿ ಹೇಳಬೇಕು, ಸಿಸ್ಟರ್ ಅದನ್ನು ಬೋರ್ಡಿನ ಮೇಲೆ ಬರೆಯಬೇಕು. ಬೆಂಚಿನ ಮೇಜನ್ನು ಮಾತ್ರ ಆಗಲೇ ಬಿಚ್ಚಬಾರದು: ಟ್ರಿಮ್ ಮಾಡಿದ ಮಹಾಪಧಮನಿಯ ಅಂಚು, ಮಹಾಸಿರೆಯ ತುಂಡು, ಜೊತೆಗೆ ಬಂದ ಇಲಿಯಾಕ್ ನಾಳಗಳು, ಇವೆಲ್ಲ ತಣ್ಣನೆಯ ದ್ರಾವಣದಲ್ಲೇ ಇರಲಿ, ಕ್ಲ್ಯಾಂಪ್ ತೆಗೆದು, ಕಿಡ್ನಿ ಗುಲಾಬಿಯಾಗಿ, ಹೊಲಿಗೆಗಳು ಸೋರದೆ ನಿಂತ ಮೇಲೆಯೇ ಅವನ್ನು ಮೇಜಿನಿಂದ ತೆಗೆಯಬೇಕು.